ಆಪ್ಷನ್ ಹಾಕುವ ಮುಂಚೆ ಕಾಲೇಜು ನೋಡಿ ಬಂದ ಒಂದು ಕುಟುಂಬ

ಸಿಂಧನೂರು ತಾಲ್ಲೂಕಿನ ಒಂದು ಭತ್ತದ ಊರಿನ ಹುಡುಗಿ. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದಳು, ಸಿಇಟಿ ಬರೆದಿದ್ದಳು. ಮುಂದೆ ಮೂರು ದಾರಿ ಕಾಣುತ್ತಿದ್ದವು. ಬೆಂಗಳೂರಿನ ಅಂಚಿನಲ್ಲಿರುವ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜು, ಬಳ್ಳಾರಿಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜು, ಇಲ್ಲದಿದ್ದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಕೃಷಿ. ಸಿಇಟಿ ಸೀಟಿಗಾಗಿ ಕೊಡುವ ಆಪ್ಷನ್ ಪಟ್ಟಿಯಲ್ಲಿ ಇವುಗಳಲ್ಲಿ ಯಾವುದನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ? ಆ ತೀರ್ಮಾನಕ್ಕೆ ಕಾಲೇಜಿಗೆ ಹೋಗಿ ನೋಡಿ ಬಂದದ್ದು ಎಷ್ಟು ನೆರವಾಯಿತು, ಎಲ್ಲಿ ನೆರವಾಗಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಆ ಹುಡುಗಿಗೆ ಪಿಯು ಕಾಲೇಜಿನಲ್ಲಿ ಪಾಠ ಮಾಡಿದವನು ನಾನು. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಬಹಳಷ್ಟು ಮಕ್ಕಳು ತಮ್ಮ ಕಾಲೇಜನ್ನು ಮೊದಲ ಸಲ ನೋಡುವುದು ಸೇರುವ ದಿನ. ಅಪ್ಪನ ಕೈಯಲ್ಲಿ ಟ್ರಂಕು, ಮಗಳ ಕೈಯಲ್ಲಿ ಹಾಸಿಗೆ ಸುತ್ತು. ಅಷ್ಟೊತ್ತಿಗೆ ಶುಲ್ಕ ಕಟ್ಟಿ ಆಗಿರುತ್ತದೆ. ಕಂಡದ್ದು ಮನಸ್ಸಿಗೆ ಬಾರದಿದ್ದರೂ ಸುಮ್ನೆ ಒಳಗೆ ನಡೆಯಬೇಕು. ನಾಲ್ಕು ವರ್ಷ ಕಳೆಯಬೇಕಾದ ಜಾಗವನ್ನು ಒಂದು ಸಲವೂ ನೋಡದೆ ಆರಿಸುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

ಮನೆಯ ಪರಿಸ್ಥಿತಿ

ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ನಂಬಿದ ಮನೆ. ಸ್ವಂತ ಹೊಲ ಸ್ವಲ್ಪ, ಲೀಸಿಗೆ ಹಾಕಿಕೊಂಡದ್ದು ಸ್ವಲ್ಪ. ಡ್ಯಾಮಿನಲ್ಲಿ ನೀರಿದ್ದ ವರ್ಷ ಎರಡು ಬೆಳೆ, ಇಲ್ಲದ ವರ್ಷ ಒಂದೇ. ಕಾಲೇಜಿನ ಶುಲ್ಕ ಕಟ್ಟುವ ಜುಲೈ, ಆಗಸ್ಟ್ ತಿಂಗಳಲ್ಲೇ ನಾಟಿ, ಗೊಬ್ಬರ, ಕೂಲಿ ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದು ಕಾಲೇಜು ಸೇರಿ, ಹೊಂದದೆ, ವರ್ಷ ಬಿಟ್ಟು ವಾಪಸ್ ಬಂದರೆ ಈ ಮನೆ ತಡೆದುಕೊಳ್ಳುವುದಿಲ್ಲ.

ಅಪ್ಪ ಹತ್ತನೇ ತರಗತಿವರೆಗೆ ಓದಿದವರು, ಅವ್ವ ಏಳನೇವರೆಗೆ. ಮನೆಯಲ್ಲಿ ಡಿಗ್ರಿಗೆ ಹೊರಟವಳು ಈ ಹುಡುಗಿಯೇ ಮೊದಲು. ಸೋದರಮಾವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಓದಿನ ವಿಷಯ ಬಂದರೆ ಎಲ್ಲರೂ ಅವರ ಮುಖ ನೋಡುತ್ತಾರೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಿಂದಾಗಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಮೀಸಲು. ರಾಜ್ಯದ ಉಳಿದ ಕಡೆ ಶೇ 8. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಇರಬೇಕು ಅಷ್ಟೆ. ಈ ಲೆಕ್ಕದ ಅರ್ಥ ಬಹಳ ಮನೆಗಳಿಗೆ ಹೊಳೆದಿರುವುದಿಲ್ಲ. ಬೆಂಗಳೂರಿನಲ್ಲಿ ಹೆಸರೂ ಕೇಳದ ಕಾಲೇಜು ಸಿಗುವ ರ‍್ಯಾಂಕಿಗೆ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಬೇಕಾದ ಬ್ರ್ಯಾಂಚೇ ಸಿಗಬಹುದು. ಅಂದರೆ ನಮ್ಮ ಮಕ್ಕಳಿಗೆ ಆಯ್ಕೆ ನಿಜವಾಗಿಯೂ ಇದೆ. ಆಯ್ಕೆ ಇದ್ದವರಿಗೇ ಅಲ್ವಾ ನೋಡಿ ಬರುವ ಅಗತ್ಯ?

ಮಾವ ಮಾಡಿದ ಪಟ್ಟಿ

ಸಿಇಟಿ ಮುಗಿದ ವಾರವೇ ಮಾವ ಒಂದು ಪಟ್ಟಿ ಕಳಿಸಿದರು. ಮೊದಲಿನಿಂದ ಕೊನೆಯವರೆಗೂ ಬೆಂಗಳೂರಿನ ಕಾಲೇಜುಗಳೇ, ಎಲ್ಲದರಲ್ಲೂ ಕಂಪ್ಯೂಟರ್ ಸೈನ್ಸ್. ಬಳ್ಳಾರಿ ಎಲ್ಲಾ ಮುಗಿದ ಮೇಲೆ ಒಂದು ಸಾಲು. ರಾಯಚೂರು ಇರಲೇ ಇಲ್ಲ. ಅವರದು ಕೆಟ್ಟ ಉದ್ದೇಶ ಅಲ್ಲ. ಕೆಲಸ ಸಿಗುವ ಊರಲ್ಲೇ ಓದಿದರೆ ಒಳ್ಳೇದು ಅನ್ನುವುದು ಅವರ ಅನುಭವದ ಮಾತು.

ಸಿಇಟಿ ನಡೆಸಿ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಈ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ನಿಮ್ಮ ರ‍್ಯಾಂಕಿಗೆ, ನಿಮ್ಮ ಕೋಟಾಕ್ಕೆ ಸಿಗುವ ಮೊದಲ ಸೀಟು ಬಂದ ಕೂಡಲೇ ನಿಲ್ಲುತ್ತದೆ. ಅದರ ಕೆಳಗೆ ಬರೆದದ್ದೆಲ್ಲ ನಿಮ್ಮ ಪಾಲಿಗೆ ಮುಗಿದ ಹಾಗೆ. ಎಂಜಿನಿಯರಿಂಗೂ ಕೃಷಿಯೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಹಾಗಾಗಿ ಇದು ಕಾಲೇಜುಗಳ ಹೆಸರು ಬರೆಯುವ ಕೆಲಸ ಅಲ್ಲ. 'ಇದು ಸಿಕ್ಕರೆ ಅದು ಬೇಡ' ಎಂದು ಪ್ರತಿ ಸಾಲಿನಲ್ಲೂ ತೀರ್ಮಾನಿಸುವ ಕೆಲಸ. ನೋಡದ ಎರಡು ಕಾಲೇಜುಗಳ ನಡುವೆ ಆ ತೀರ್ಮಾನ ಹೇಗೆ ಮಾಡುತ್ತೀರಿ? ಬೋರ್ಡಿನ ಮೇಲಿನ ಹೆಸರು, ಊರಿನ ಹೆಸರು, ಪಕ್ಕದ ಮನೆಯವರ ಮಾತು. ಇಷ್ಟೇ ಉಳಿಯುತ್ತದೆ.

ಪಟ್ಟಿ ಹಿಡಿದು ಅಪ್ಪ ಮಗಳು ನನ್ನ ಹತ್ತಿರ ಬಂದರು. ರ‍್ಯಾಂಕು ಇನ್ನೂ ಬಂದಿರಲಿಲ್ಲ. 'ಬಂದ ಮ್ಯಾಲೆ ನೋಡೋಣ ಬಿಡ್ರಿ ಸರ್' ಎಂದರು ಅಪ್ಪ. ಬೇಡ, ಈಗಲೇ ಹೋಗಿ ಎಂದೆ. ಮೇ ತಿಂಗಳಲ್ಲಿ ಆ ಕಾಲೇಜುಗಳಲ್ಲಿ ಇನ್ನೂ ಪಾಠ ನಡೆಯುತ್ತಿತ್ತು. ರ‍್ಯಾಂಕು ಬರುವ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಶುರುವಾಗುತ್ತದೆ, ಆಮೇಲೆ ರಜೆ. ಆಗ ಹೋದರೆ ಕಾಣುವುದು ಗೋಡೆ, ಬೆಂಚು, ವಾಚ್‌ಮನ್. ಕಾಲೇಜು ಕಾಣುವುದಿಲ್ಲ.

ಅವ್ವನನ್ನೂ ಕರೆದುಕೊಂಡು ಹೋಗಿ ಎಂದೂ ಹೇಳಿದೆ. ಅಪ್ಪನಿಗೆ ಆಶ್ಚರ್ಯವಾಯಿತು. ಕಾಲೇಜಿನ ಕೆಲಸಕ್ಕೆ ನಮ್ಮ ಕಡೆ ಅವ್ವಂದಿರನ್ನು ಕರೆದೊಯ್ಯುವ ರೂಢಿ ಇಲ್ಲ. ಹಿಂದೆ ಇದಕ್ಕೆ ಬಸ್ ಚಾರ್ಜಿನ ನೆಪವಾದರೂ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಸಿಂಧನೂರಿನಿಂದ ಬಳ್ಳಾರಿಗೂ ರಾಯಚೂರಿಗೂ ಹೆಚ್ಚುಕಡಿಮೆ ಒಂದೇ ದೂರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮೂವರು ಹೊರಟರೂ ದುಡ್ಡು ಕೊಡಬೇಕಾದದ್ದು ಅಪ್ಪನ ಒಂದು ಟಿಕೆಟಿಗೆ ಮಾತ್ರ.

ಬಳ್ಳಾರಿ

ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋದರು. ವಾರದ ನಡುವಿನ ಒಂದು ಮಾಮೂಲಿ ದಿನ. ಬಿಸಿಲು ಹೇಳುವ ಹಾಗಿರಲಿಲ್ಲ. ಅದೂ ಒಳ್ಳೇದಾಯಿತು. ಬಳ್ಳಾರಿಯ ಬೇಸಿಗೆಯಲ್ಲಿ ತರಗತಿ ಕೋಣೆ, ಹಾಸ್ಟೆಲ್ ಹೇಗಿರುತ್ತವೆ ಎಂದು ತಿಳಿಯಲು ಮೇ ತಿಂಗಳಿಗಿಂತ ಸರಿಯಾದ ಕಾಲ ಇಲ್ಲ.

ಗೇಟಿನಲ್ಲಿ 'ಅಡ್ಮಿಷನ್ ವಿಚಾರಿಸೋಕೆ' ಎಂದರೆ ಒಳಗೆ ಬಿಡುತ್ತಾರೆ. ಜೊತೆಗೆ ಒಬ್ಬರನ್ನು ಕಳಿಸುತ್ತಾರೆ. ಆ ಒಬ್ಬರು ಎಲ್ಲಿಗೆ ಕರೆದೊಯ್ಯುತ್ತಾರೋ ಅದನ್ನೇ ನೋಡಬೇಕು. ಇವರಿಗೂ ಸಭಾಂಗಣ ತೋರಿಸಿದರು, ಪ್ರೊಜೆಕ್ಟರ್ ಇರುವ ಕೋಣೆ ತೋರಿಸಿದರು, ಕೆಲಸ ಸಿಕ್ಕ ಹುಡುಗರ ಫೋಟೋ ಹಾಕಿದ ಫಲಕದ ಮುಂದೆ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಮುಗಿಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲೇ ಓದುತ್ತಿದ್ದಳು. ಊಟದ ಬಿಡುವಿನಲ್ಲಿ ಅವಳು ಬಂದು ಸೇರಿಕೊಂಡಳು. ನಿಜವಾಗಿ ನೋಡಿದ್ದು ಅಲ್ಲಿಂದ ಮುಂದೆ.

ಹುಡುಗಿ ಮೊದಲು ಕೇಳಿದ್ದು ಕಂಪ್ಯೂಟರ್ ಲ್ಯಾಬ್. ಅಲ್ಲಿ ಬಾಗಿಲ ಪಕ್ಕ ಲಾಗ್ ಪುಸ್ತಕ ಇತ್ತು. ಯಾರು ಬಂದರು, ಯಾವ ಸಿಸ್ಟಮ್, ಎಷ್ಟು ಹೊತ್ತಿಗೆ ಎದ್ದರು ಎಂದು ಬರೆಯುವ ಪುಸ್ತಕ. ಹಿಂದಿನ ದಿನದವರೆಗೂ ತುಂಬಿತ್ತು. ಬೇರೆ ಬೇರೆ ಕೈಬರಹ, ಬೇರೆ ಬೇರೆ ಪೆನ್ನು. ಹೊಸ ಕಂಪ್ಯೂಟರ್ ಎಲ್ಲಿ ಬೇಕಾದರೂ ತಂದಿಡಬಹುದು. ಅವುಗಳ ಮುಂದೆ ಮಕ್ಕಳನ್ನು ಕೂರಿಸುತ್ತಾರೋ ಇಲ್ಲವೋ ಎಂದು ಹೇಳುವುದು ಆ ಪುಸ್ತಕ. ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಒಂದು ಬ್ಯಾಚ್ ಕೆಲಸ ಮಾಡುತ್ತಿತ್ತು. ಒಂದು ಮೋಟಾರಿನ ಸುತ್ತ ಏಳೆಂಟು ಹುಡುಗರು. ಇಬ್ಬರು ವೈರ್ ಜೋಡಿಸುತ್ತಿದ್ದರು, ಉಳಿದವರು ನೋಡುತ್ತಿದ್ದರು. ಹುಡುಗಿ ಇದನ್ನೂ ಗಮನಿಸಿದ್ದಳು.

ಆಮೇಲೆ ನೋಟಿಸ್ ಬೋರ್ಡ್. ನಾನು ಎಲ್ಲ ಮಕ್ಕಳಿಗೂ ಇದನ್ನು ಒತ್ತಿ ಹೇಳುತ್ತೇನೆ, ಹೋದಲ್ಲೆಲ್ಲ ವಿಭಾಗದ ನೋಟಿಸ್ ಬೋರ್ಡ್ ಮುಂದೆ ನಿಂತು ಪೂರ್ತಿ ಓದಿ. ಆ ಬೋರ್ಡನ್ನು ಬಂದವರಿಗೆ ತೋರಿಸಲು ಅಂತ ಯಾರೂ ಸಿಂಗರಿಸುವುದಿಲ್ಲ. ಇಂಟರ್ನಲ್ ಅಂಕಗಳ ಹಾಳೆ ಅಂಟಿಸಿದ್ದರು, ಹಾಜರಿ ಕಡಿಮೆ ಇದ್ದವರ ಪಟ್ಟಿ ಇತ್ತು. ಈ ಕಾಲೇಜು ಸೇರಿರುವ ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆಗೆ ಕೂರಲು ಶೇ 85 ಹಾಜರಿ ಬೇಕು. ಈಗಿನ ಪದ್ಧತಿಯಲ್ಲಿ ಅರ್ಧ ಅಂಕ ಕಾಲೇಜಿನೊಳಗಿನ ಮೌಲ್ಯಮಾಪನದಿಂದ ಬರುತ್ತದೆ, ಇನ್ನರ್ಧ ವಿಶ್ವವಿದ್ಯಾಲಯದ ಪರೀಕ್ಷೆಯಿಂದ. ಹಾಗಿರುವಾಗ ಮೇಷ್ಟ್ರು ಟೆಸ್ಟ್ ಸರಿಯಾಗಿ ನಡೆಸುತ್ತಾರಾ, ತಪ್ಪಿದ್ದನ್ನು ತಿದ್ದಿ ಹೇಳುತ್ತಾರಾ ಅನ್ನುವುದು ಕಟ್ಟಡಕ್ಕಿಂತ ದೊಡ್ಡ ಮಾತು. ಹಾಳೆಯಲ್ಲಿದ್ದ ತಾರೀಖು ತೀರಾ ಇತ್ತೀಚಿನದು. ಅಂಕಗಳಲ್ಲಿ ಏರಿಳಿತ ಇತ್ತು. ಎಲ್ಲರಿಗೂ ಪೂರ್ತಿ ಅಂಕ ಹಾಕಿ ಕೈ ತೊಳೆದುಕೊಂಡ ಹಾಳೆ ಆಗಿರಲಿಲ್ಲ.

ಹಳೆಯ ವಿದ್ಯಾರ್ಥಿನಿ ಮುಚ್ಚುಮರೆ ಮಾಡಲಿಲ್ಲ. 'ಮ್ಯಾಥ್ಸ್ ಸರ್ ಛಲೋ ಹೇಳ್ತಾರ, ತಂಗಿ. ಆದ್ರ ಒಂದು ಸಬ್ಜೆಕ್ಟಿಗೆ ಈ ಸಲ ಅರ್ಧ ಸೆಮ್ ಯಾರೂ ಇರಲಿಲ್ಲ. ನಾವ ಓದ್ಕೊಂಡ್ವಿ' ಎಂದಳು. ಕಾಲೇಜಿನ ವೆಬ್‌ಸೈಟಿನಲ್ಲಿ ಎಲ್ಲ ವಿಷಯಕ್ಕೂ ಹೆಸರು ಇದ್ದವು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಪ್ರಕಾರ ಕಾಲೇಜುಗಳು ಬೋಧಕರ ವಿವರವನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಆ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ಓದುತ್ತಿರುವವರ ಮುಂದೆ ಹಿಡಿದು 'ಇವರು ನಿಮಗೆ ಪಾಠ ಮಾಡಿದ್ದಾರಾ?' ಎಂದು ಕೇಳಿದರೆ ಉತ್ತರ ಎರಡು ನಿಮಿಷದಲ್ಲಿ ಸಿಗುತ್ತದೆ. ಹುಡುಗಿ ಹಾಗೇ ಕೇಳಿದಳು. ಹೆಚ್ಚಿನ ಹೆಸರುಗಳಿಗೆ ಹೌದು ಎಂಬ ಉತ್ತರ ಬಂತು. ಎಲ್ಲಕ್ಕೂ ಅಲ್ಲ.

ಇಷ್ಟು ಹೊತ್ತು ಅಪ್ಪ ಶುಲ್ಕದ ಕೌಂಟರಿನ ಹತ್ತಿರ ನಿಂತಿದ್ದರು. ಸರ್ಕಾರಿ ಸೀಟಿನ ಶುಲ್ಕ ಇಷ್ಟು ಎಂದು ಕೌಂಟರಿನವರು ಹೇಳಿದ್ದರು. 'ಬೇರೆ ಏನಾದ್ರೂ ಕಟ್ಟೋದು ಐತೇನ್ರಿ' ಎಂದರೆ 'ಚಿಲ್ಲರೆ ಪಲ್ಲರೆ' ಎಂಬ ಉತ್ತರ. ಹಳೆಯ ವಿದ್ಯಾರ್ಥಿನಿ ತನ್ನ ಮೊದಲ ವರ್ಷದ ರಸೀದಿಗಳನ್ನು ಫೋನಿನಲ್ಲಿ ತೋರಿಸಿದಳು. ತರಬೇತಿ, ಸಮವಸ್ತ್ರ, ಇನ್ನೂ ಏನೇನೋ ಸೇರಿ ಆ ಚಿಲ್ಲರೆ ಒಂದು ನಾಟಿಯ ಕೂಲಿಗಿಂತ ಜಾಸ್ತಿಯೇ ಆಗಿತ್ತು. ಓದುತ್ತಿರುವ ಮಕ್ಕಳ ರಸೀದಿ ನೋಡದೆ ಯಾವ ಮನೆಯೂ ಲೆಕ್ಕ ಹಾಕಬಾರದು.

ಅವ್ವ ನೋಡಿದ್ದು ಬೇರೆ. ಹಾಸ್ಟೆಲಿನಲ್ಲಿ ಬಚ್ಚಲಿನ ಚಿಲಕ ಹಾಕಿ ನೋಡಿದರು. ಒಂದು ಸರಿ ಇರಲಿಲ್ಲ. ಮೇಲಿನ ಅಂತಸ್ತಿಗೆ ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಅಲ್ಲಿನ ಹುಡುಗಿಯರನ್ನೇ ಕೇಳಿದರು. ಬಟ್ಟೆ ಎಲ್ಲಿ ಒಣಗಿಸುತ್ತೀರಿ, ಮುಟ್ಟಿನ ಬಟ್ಟೆ, ಪ್ಯಾಡು ಎಲ್ಲಿ ಹಾಕುತ್ತೀರಿ, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ? ಕೊನೆಯ ಪ್ರಶ್ನೆಗೆ ಒಬ್ಬಳು 'ವಾರ್ಡನ್ ಮೇಡಂ ತಾವೇ ಆಟೋ ತರಿಸಿ ಬರ್ತಾರ್ರಿ' ಎಂದು ತಟ್ಟನೆ ಹೇಳಿದಳು. ಯೋಚಿಸದೆ ಬಂದ ಉತ್ತರ ಅದು. ಅವ್ವ ಅಡುಗೆ ಮನೆಗೂ ಹೋದರು. ಅಡುಗೆಯಾಕೆ ಸಿರುಗುಪ್ಪ ಕಡೆಯವರೇ. ರೊಟ್ಟಿ ಯಾವ ಯಾವ ದಿನ, ಉಳಿದ ಸಾರು ಮರುದಿನ ಬಡಿಸುತ್ತೀರಾ ಎಂಬಲ್ಲಿಗೆ ಮಾತು ಹೋಯಿತು. ಎರಡನೇ ಅಂತಸ್ತಿನ ಕುಡಿಯುವ ನೀರಿನ ಯಂತ್ರ ಕೆಟ್ಟು ತಿಂಗಳಾಗಿದೆ ಎಂಬುದೂ ಅಲ್ಲೇ ತಿಳಿಯಿತು.

ಈ ಪ್ರಶ್ನೆಗಳಲ್ಲಿ ಒಂದನ್ನೂ ಅಪ್ಪ ಕೇಳುತ್ತಿರಲಿಲ್ಲ. ನಾನು ಹೋಗಿದ್ದರೂ ಕೇಳುತ್ತಿರಲಿಲ್ಲ. ಹೆಣ್ಣುಮಕ್ಕಳು ಓದು ಬಿಟ್ಟು ಬಂದಾಗ ಮನೆಯವರು 'ಹೊಂದಲಿಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ 'ಹೊಂದಲಿಲ್ಲ' ಎಂಬುದರ ಒಳಗೆ ಎಷ್ಟೋ ಸಲ ನೀರು, ಚಿಲಕ, ಊಟ, ರಾತ್ರಿಯ ಜ್ವರ ಇರುತ್ತವೆ. ಅದಕ್ಕೇ ಹೇಳುವುದು, ಯಾರು ಹೋಗಿ ನೋಡುತ್ತಾರೆ ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದು ನಿಂತಿದೆ.

ರಾಯಚೂರು

ಕೃಷಿ ವಿಶ್ವವಿದ್ಯಾಲಯ ಅಪ್ಪನಿಗೆ ಹೊಸ ಜಾಗ ಅಲ್ಲ. ಕೃಷಿ ಮೇಳಕ್ಕೆ ಹೋಗಿ ಬಂದಿದ್ದರು. ಯಂತ್ರ ನೋಡಿದ್ದರು, ಬೀಜ ತಂದಿದ್ದರು. ಅಲ್ಲಿ ಹುಡುಗರು ಓದುತ್ತಾರೆ ಎಂದು ಗೊತ್ತಿತ್ತು. ಏನು ಓದುತ್ತಾರೆ, ಸಿಂಧನೂರಿನ ಹುಡುಗಿ ಅಲ್ಲಿ ಓದಬಹುದಾ ಎಂಬ ಯೋಚನೆ ಮಾತ್ರ ಬಂದಿರಲಿಲ್ಲ. ಜನ ತುಂಬಿದ ಮೇಳದಲ್ಲಿ ಕಾಲೇಜು ಕಾಣುವುದಿಲ್ಲ.

ರಾಯಚೂರಿಗೆ ಹೋಗುವ ಮಾತು ಬಂದದ್ದು ಬಳ್ಳಾರಿಯಿಂದ ವಾಪಸ್ ಬರುವಾಗ. 'ಅದನ್ನೂ ಒಮ್ಮೆ ನೋಡಿಬಿಡೋಣು, ನೋಡಾಕ ದುಡ್ಡೇನು ಹತ್ತಲ್ಲ' ಎಂದವರು ಅವ್ವ.

ಲಿಂಗಸುಗೂರು ರಸ್ತೆಯ ಆ ಕ್ಯಾಂಪಸ್ಸಿನಲ್ಲಿ ಹುಡುಗಿ ಹೆಚ್ಚು ಹೊತ್ತು ನಿಂತದ್ದು ಬೆಳೆ ರೋಗಗಳ ಲ್ಯಾಬಿನಲ್ಲಿ. ಮನೆಯ ಭತ್ತಕ್ಕೆ ಬೆಂಕಿ ರೋಗ ಬಿದ್ದ ವರ್ಷ ಅವಳಿಗೆ ನೆನಪಿದೆ. ಔಷಧಿ ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆಯುವುದು, ಆಗದಿದ್ದರೆ ಇನ್ನೊಂದು ತಂದು ಹೊಡೆಯುವುದು. ಆ ರೋಗದ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ ಒಂದು ಓದು ಎಂದು ಅವಳಿಗೆ ಅಲ್ಲಿ ಗೊತ್ತಾಯಿತು. ಬೆಳೆಯಲ್ಲಿ ಉಳಿಯುವ ಕೀಟನಾಶಕ ಅಳೆಯುವ ಪ್ರಯೋಗಾಲಯವೂ ಆ ವಿಶ್ವವಿದ್ಯಾಲಯದಲ್ಲಿ ಇದೆ. ಓದುವ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಇದ್ದು ರೈತರ ಜೊತೆ ಕೆಲಸ ಮಾಡಬೇಕು ಎಂದು ಅಲ್ಲಿನ ವಿದ್ಯಾರ್ಥಿಗಳು ಹೇಳಿದರು. ಅವಳು ಮಾರನೇ ದಿನ ನನಗೆ ಫೋನ್ ಮಾಡಿದಾಗ ಮಾತು ನಿಲ್ಲಿಸಲೇ ಇಲ್ಲ. ಎರಡು ವರ್ಷ ನನ್ನ ತರಗತಿಯಲ್ಲಿ ಕೂತಿದ್ದ ಹುಡುಗಿ, ಅಷ್ಟು ಉತ್ಸಾಹದಲ್ಲಿ ಮಾತಾಡಿದ್ದು ನಾನು ಕೇಳಿರಲಿಲ್ಲ.

ಈ ಪ್ರಕರಣದಲ್ಲಿ ಕೈ ತಪ್ಪಿದ್ದು ಅಂತ ಒಂದು ಇದ್ದರೆ ಅದು ಇಲ್ಲಿದೆ. ಕೃಷಿ ಕೋರ್ಸುಗಳಿಗೆ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕೇಳಿಕೊಂಡಿರಬೇಕು, ದಾಖಲೆ ಕೊಡಬೇಕು, ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಎದುರಿಸಬೇಕು. ಬೀಜ, ಗೊಬ್ಬರ, ಬೆಳೆ, ಸಲಕರಣೆ ಗುರುತು ಹಿಡಿದು ಹೇಳುವಂಥ ಪರೀಕ್ಷೆ. ಹೊಲದಲ್ಲಿ ಬೆಳೆದ ಈ ಹುಡುಗಿಗೆ ಕಷ್ಟ ಆಗುತ್ತಿರಲಿಲ್ಲ. ಆದರೆ ಅರ್ಜಿ ತುಂಬಿದ ಹೊತ್ತಿನಲ್ಲಿ ಕೃಷಿ ಓದುವ ಯೋಚನೆಯೇ ಮನೆಯಲ್ಲಿ ಇರಲಿಲ್ಲ. ಆ ಕಾಲಂ ಹಾಗೇ ದಾಟಿ ಹೋಗಿತ್ತು. ಕ್ಯಾಂಪಸ್ ನೋಡಿದ್ದು ಮೇ ತಿಂಗಳಲ್ಲಿ. ಆರು ತಿಂಗಳು ಮುಂಚೆ ನೋಡಿದ್ದರೆ ಒಂದು ಬಾಗಿಲು ತೆರೆದಿರುತ್ತಿತ್ತು.

ಬೆಂಗಳೂರು, ಒಂದು ಭಾನುವಾರ

ಬೆಂಗಳೂರಿಗೆ ಹೋದದ್ದು ಅಪ್ಪ ಒಬ್ಬರೇ, ರಾತ್ರಿ ಬಸ್ಸಿಗೆ. ಮಾವನಿಗೆ ರಜೆ ಇದ್ದದ್ದು ಭಾನುವಾರ, ಹಾಗಾಗಿ ಭಾನುವಾರವೇ ಕಾಲೇಜಿಗೆ ಹೋದರು. ಗಾಜಿನ ಕಟ್ಟಡ, ಲಿಫ್ಟು, ಎಸಿ ಕೋಣೆಯಲ್ಲಿ ಕಾಫಿ. ಪ್ರವೇಶ ವಿಭಾಗದವರೊಬ್ಬರು ಬಣ್ಣದ ಪುಸ್ತಕ ಕೊಟ್ಟು, ಮ್ಯಾನೇಜ್‌ಮೆಂಟ್ ಸೀಟನ್ನು ಈಗಲೇ ಮುಂಗಡ ಕಟ್ಟಿ 'ಬ್ಲಾಕ್' ಮಾಡಿಕೊಳ್ಳಿ, ಆಮೇಲೆ ಸಿಗುವುದಿಲ್ಲ ಎಂದರು. ಅಪ್ಪ ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಸಿಇಟಿ ಮೂಲಕ ಬರುವ ಸೀಟಿಗೆ ಕಾಲೇಜಿನಲ್ಲಿ ಯಾರಿಗೂ ಮುಂಗಡ ಕೊಡಬೇಕಿಲ್ಲ, ರ‍್ಯಾಂಕು ಬರುವ ಮುಂಚೆ ಒಂದು ರೂಪಾಯಿಯನ್ನೂ ಕೊಡಬೇಡಿ ಎಂದೆ. ಕೊಡದೆ ಬಂದರು.

ಮನೆಗೆ ಬಂದು ಕಟ್ಟಡವನ್ನು ಬಾಯಿ ತುಂಬ ಹೊಗಳಿದರು. ಅವ್ವ ಕೇಳಿದರು, 'ಹುಡುಗ್ರನ್ನ ಮಾತಾಡ್ಸಿದ್ರಾ? ಹಾಸ್ಟೆಲ್ ನೋಡಿದ್ರಾ?' ಯಾವುದೂ ಇಲ್ಲ. ಹಾಸ್ಟೆಲ್ ಕೀಲಿ ಇರಲಿಲ್ಲವಂತೆ, ಲ್ಯಾಬಿಗೆ ಬೀಗವಂತೆ. 'ಎತ್ತು ತರೋ ಮುಂದ ಹಲ್ಲು ಎಣಿಸಿ, ನಡೆಸಿ ನೋಡ್ತೀರಿ, ಮಗಳ ಕಾಲೇಜಿಗೆ ಬರೇ ಕೊಟ್ಟಿಗಿ ನೋಡಿ ಬಂದ್ರಿ' ಎಂದರು ಅವ್ವ.

ಆ ಕಾಲೇಜು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅವರು ಅದನ್ನು ನೋಡಲೇ ಇಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಮಾವ ಆಮೇಲೆ ಒಂದು ಸರಿಯಾದ ಮಾತು ಎತ್ತಿದರು. ಹತ್ತಿರ ಇದ್ದದ್ದನ್ನು ಎರಡು ಕಣ್ಣಿಂದ ನೋಡಿ, ದೂರ ಇದ್ದದ್ದನ್ನು ಭಾನುವಾರ ನೋಡಿ, ಹತ್ತಿರದ್ದೇ ಒಳ್ಳೇದು ಎಂದರೆ ನ್ಯಾಯವಾ? ಖಂಡಿತ ಅಲ್ಲ. ಕಾಲೇಜು ನೋಡುವುದರಲ್ಲಿರುವ ದೊಡ್ಡ ಕೊರತೆಯೇ ಇದು, ಹೋಗಿ ಬರಲು ಆಗುವ ಕಡೆಗೇ ಮನಸ್ಸು ವಾಲುತ್ತದೆ. ಹಾಗಾಗಿ ಆ ಕಾಲೇಜಿನಲ್ಲಿ ಓದುತ್ತಿದ್ದ ಸಿಂಧನೂರಿನ ಇನ್ನೊಬ್ಬ ಹುಡುಗಿಯನ್ನು ಹುಡುಕಿದೆವು. ಅವಳು ಒಂದು ಕೆಲಸದ ದಿನ ವಿಡಿಯೋ ಕಾಲ್ ಮಾಡಿ ಫೋನ್ ಹಿಡಿದು ಓಡಾಡಿದಳು. ಲ್ಯಾಬು ಚೆನ್ನಾಗಿದ್ದವು, ಗ್ರಂಥಾಲಯ ರಾತ್ರಿಯವರೆಗೂ ತೆರೆದಿರುತ್ತಿತ್ತು. ಬಳ್ಳಾರಿಯದಕ್ಕಿಂತ ಒಂದು ಕೈ ಮೇಲೇ ಎನ್ನಬೇಕು. ತೊಡಕು ಇದ್ದದ್ದು ಹಾಸ್ಟೆಲಿನಲ್ಲಿ. ಜಾಗ ಕಡಿಮೆ, ಮೊದಲ ವರ್ಷದ ಬಹಳ ಹುಡುಗಿಯರು ಹೊರಗೆ ಪಿಜಿಯಲ್ಲಿ ಇರುತ್ತಿದ್ದರು. ಪಿಜಿಯ ತಿಂಗಳ ಬಾಡಿಗೆ ಕೇಳಿ ಅಪ್ಪ ಮಾತಾಡಲಿಲ್ಲ.

ಪಟ್ಟಿ ತಿರುಗಿದ್ದು

ರ‍್ಯಾಂಕು ಬಂತು. ಹಿಂದಿನ ವರ್ಷಗಳ ಕಟ್ ಆಫ್, ಅಂದರೆ ಕೊನೆಯ ಸೀಟು ಎಷ್ಟನೇ ಸ್ಥಾನದವರಿಗೆ ಸಿಕ್ಕಿತ್ತು ಎಂಬುದು, ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಇರುತ್ತದೆ. ಅದರ ಜೊತೆ ಹೋಲಿಸಿದರೆ ಬಳ್ಳಾರಿಯ ಕಂಪ್ಯೂಟರ್ ಸೈನ್ಸ್ 371(ಜೆ) ಅಡಿಯಲ್ಲಿ ಸಿಗುವಂತಿತ್ತು. ರಾಯಚೂರಿನ ಕೃಷಿ ಅಂಚಿನಲ್ಲಿತ್ತು. ಬೆಂಗಳೂರಿನ ಆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಷ್ಟ, ಬೇರೆ ಬ್ರ್ಯಾಂಚ್ ಸಿಗಬಹುದಿತ್ತು.

ಹುಡುಗಿ ತಾನೇ ಪಟ್ಟಿ ಬರೆದಳು. ಮೊದಲು ರಾಯಚೂರಿನ ಬಿಎಸ್ಸಿ ಕೃಷಿ. ಎರಡನೇದು ಬಳ್ಳಾರಿಯ ಕಂಪ್ಯೂಟರ್ ಸೈನ್ಸ್. ಆಮೇಲೆ ಬೆಂಗಳೂರು. ಬಳ್ಳಾರಿಯ ಎಲೆಕ್ಟ್ರಿಕಲ್ ಅನ್ನು ಅದರ ಕೆಳಗೆ ಇಟ್ಟಳು, ಮೋಟಾರಿನ ಸುತ್ತ ನಿಂತಿದ್ದ ಏಳೆಂಟು ಹುಡುಗರನ್ನು ಅವಳು ಮರೆತಿರಲಿಲ್ಲ. ಮಾವ ಒಪ್ಪಲಿಲ್ಲ. ಫೋನಿನಲ್ಲಿ ಜೋರು ಮಾತಾಯಿತು. ಕೃಷಿ ಓದಿ ಏನು ಮಾಡುತ್ತಾಳೆ ಎಂಬುದು ಅವರ ಪ್ರಶ್ನೆ. ಹುಡುಗಿ ತಾನು ಕಂಡದ್ದನ್ನು ಹೇಳುತ್ತಾ ಹೋದಳು. ಯಾರು ಏನು ಓದುತ್ತಿದ್ದಾರೆ, ಮುಗಿಸಿದವರು ಎಲ್ಲಿದ್ದಾರೆ ಎಂದು ಅಲ್ಲಿಯವರೇ ಹೇಳಿದ್ದನ್ನು ಒಂದೊಂದಾಗಿ ಮುಂದಿಟ್ಟಳು. ಮೊದಲೆಲ್ಲ ಮಾವ ಮಾತಾಡಿದರೆ ಅವಳು ಕೇಳಿಸಿಕೊಳ್ಳುತ್ತಿದ್ದಳು. ಈ ಸಲ ಅವಳ ಹತ್ತಿರ ಹೇಳಲು ಇತ್ತು. ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಮುಖ್ಯ ಅನ್ನಿಸಿದ್ದು ಇದು. ಮನೆಯಲ್ಲಿ ಮೊದಲ ಸಲ ಡಿಗ್ರಿಗೆ ಹೊರಟ ಮಗುವಿಗೆ ವಾದ ಮಾಡಲು ಸ್ವಂತ ಕಣ್ಣಿಂದ ಕಂಡ ಸಂಗತಿ ಬೇಕು. ಅದಿಲ್ಲದೆ ಹಿರಿಯರ ಮುಂದೆ ನಿಲ್ಲಲು ಆಗುವುದಿಲ್ಲ.

ನಿಜವಾದ ಸುತ್ತಿಗೆ ಮುಂಚೆ ಪ್ರಾಧಿಕಾರ ಮಾಡಿ ತೋರಿಸುವ ಅಣಕು ಹಂಚಿಕೆಯಲ್ಲಿ ಬಳ್ಳಾರಿಯ ಕಂಪ್ಯೂಟರ್ ಸೈನ್ಸ್ ಬಂತು. ಮೊದಲ ಸುತ್ತಿನಲ್ಲೂ ಅದೇ. ಈಗ ಚಾಯ್ಸ್ ಕೊಡಬೇಕು. ಚಾಯ್ಸ್ ಒಂದು ಎಂದರೆ ಸೀಟು ಒಪ್ಪಿ ಸೇರುವುದು. ಎರಡು ಎಂದರೆ ಸೀಟು ಇಟ್ಟುಕೊಂಡು, ಮೇಲಿನ ಆಪ್ಷನ್‌ಗಾಗಿ ಮುಂದಿನ ಸುತ್ತಿಗೆ ಕಾಯುವುದು. ಮೂರು ಎಂದರೆ ಈ ಸೀಟು ಬೇಡ ಎಂದು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಎಂದರೆ ಹೊರಗೆ ಬರುವುದು. ತೀರ್ಮಾನಕ್ಕೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಸೈಬರ್ ಸೆಂಟರುಗಳ ಮುಂದೆ ನಿಂತ ಅಪ್ಪಂದಿರ ಮುಖ ನೋಡಿದವರಿಗೆ ಗೊತ್ತು. ಸಿಕ್ಕ ಕಾಲೇಜು ಹೇಗಿದೆ ಎಂದು ತಿಳಿಯದೆ, ಬಿಟ್ಟರೆ ಏನಾಗುತ್ತದೋ ಎಂದು ಹೆದರಿ, ಯಾರೋ ಹೇಳಿದ ನಂಬರ್ ಒತ್ತುತ್ತಾರೆ. ಈ ಮನೆಯಲ್ಲಿ ಆ ಗಾಬರಿ ಇರಲಿಲ್ಲ. ಬಳ್ಳಾರಿ ಅವರು ಕಂಡ ಜಾಗ. ಅಲ್ಲಿ ಓದಬಹುದು ಎಂದು ಗೊತ್ತಿತ್ತು, ರಾಯಚೂರು ಬಂದರೆ ಇನ್ನೂ ಒಳ್ಳೇದು ಎಂದೂ ಗೊತ್ತಿತ್ತು. ಚಾಯ್ಸ್ ಎರಡು ಕೊಟ್ಟು, ಶುಲ್ಕ ಕಟ್ಟಿ, ನಾಟಿಗೆ ಹೋದರು.

ಎರಡನೇ ಸುತ್ತಿನಲ್ಲಿ ರಾಯಚೂರು ಬರಲಿಲ್ಲ. ಬಳ್ಳಾರಿಯೇ ಉಳಿಯಿತು.

ಸೇರಿದ ಮೇಲೆ

ಅವಳೀಗ ಎರಡನೇ ವರ್ಷದಲ್ಲಿದ್ದಾಳೆ. ನೋಡಿ ಬಂದದ್ದರಲ್ಲಿ ಎಷ್ಟು ನಿಜವಾಯಿತು ಎಂದು ಕೇಳಿದೆ. ಹಾಸ್ಟೆಲ್ ಬಗ್ಗೆ ಅವ್ವ ತಿಳಿದು ಬಂದದ್ದೆಲ್ಲ ಸರಿ ಇತ್ತು, ವಾರ್ಡನ್ ವಿಷಯ ಸಹಿತ. ಚಿಲಕ ಕೆಟ್ಟ ಬಚ್ಚಲಿನ ಸಾಲು ಬಿಟ್ಟು ಬೇರೆ ಸಾಲಿನ ಕೋಣೆ ಕೇಳಿ ಪಡೆದಳು. ಶುಲ್ಕದ ಲೆಕ್ಕವೂ ಹೆಚ್ಚುಕಡಿಮೆ ಸರಿಯಾಯಿತು. ಆ ದುಡ್ಡನ್ನು ಅಪ್ಪ ಮೊದಲೇ ತೆಗೆದಿಟ್ಟಿದ್ದರು.

ತಪ್ಪಿದ್ದೂ ಇದೆ. ಕಂಡು ಮೆಚ್ಚಿದ ಲ್ಯಾಬಿಗೆ ಮೊದಲ ವರ್ಷ ಹೆಚ್ಚು ಕಾಲಿಡಲೇ ಇಲ್ಲ. ವಿಟಿಯುನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎಲ್ಲ ಬ್ರ್ಯಾಂಚಿನವರಿಗೂ ಬೇರೆ ಪಾಠಗಳೇ ಜಾಸ್ತಿ. ಚೆನ್ನಾಗಿ ಹೇಳುತ್ತಾರೆ ಎಂದು ಕೇಳಿದ್ದ ಗಣಿತದ ಸರ್ ಅವಳು ಸೇರುವಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಒಂದು ದಿನ ನೋಡಿದ್ದು ಆ ಒಂದು ದಿನದ್ದೇ. ಬ್ರ್ಯಾಂಚಿಗೆ ಎನ್‌ಬಿಎ (ಕೋರ್ಸಿನ ಗುಣಮಟ್ಟ ನೋಡಿ ಕೊಡುವ) ಮಾನ್ಯತೆ ಇದೆಯಾ, ಫಲಿತಾಂಶ ಹೇಗಿದೆ, ಕಟ್ ಆಫ್ ಎಲ್ಲಿಗೆ ನಿಂತಿತ್ತು ಎಂಬುದೆಲ್ಲ ಕಾಗದದಲ್ಲೇ ಹುಡುಕಬೇಕು. ಹೋಗಿ ನೋಡಿದರೆ ಅವು ಕಾಣುವುದಿಲ್ಲ. ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗೆ ಅಲ್ಲ, ಬ್ರ್ಯಾಂಚಿಗೆ ಕೊಡುವುದು. ಗೇಟಿನ ಬೋರ್ಡಿನಲ್ಲಿ ಬರೆದಿದ್ದರೂ ನಿಮ್ಮ ಬ್ರ್ಯಾಂಚಿಗೆ ಇರಲಿಕ್ಕಿಲ್ಲ.

ರಾಯಚೂರು ಸಿಗದ ಬೇಸರ ಇನ್ನೂ ಇದೆಯಾ ಎಂದೆ. ಇದೆ ಎಂದಳು. ಬೆಳೆ ರೋಗದ ಎಲೆಗಳ ಫೋಟೋ ನೋಡಿ ರೋಗ ಗುರುತಿಸುವ ಪ್ರೋಗ್ರಾಂ ಒಂದನ್ನು ಗೆಳತಿಯರ ಜೊತೆ ಬರೆಯುತ್ತಿದ್ದಾಳೆ. ಅಪ್ಪ ಹೊಲದಿಂದ ಫೋಟೋ ಕಳಿಸುತ್ತಾರೆ.

ಅವಳ ತಮ್ಮ ಈಗ ಮೊದಲ ಪಿಯುಸಿ, ಅವನದೂ ಪಿಸಿಎಂಬಿ. ನಮ್ಮ ಕಾಲೇಜಿನಲ್ಲಿ ಈಗ ಸಿಇಟಿ ಅರ್ಜಿ ಶುರುವಾಗುವ ಮುಂಚೆ, ಡಿಸೆಂಬರಿನಲ್ಲೇ ಎರಡನೇ ವರ್ಷದವರ ಅಪ್ಪ ಅವ್ವಂದಿರನ್ನು ಕರೆದು ಕೂರಿಸುತ್ತೇವೆ. ಬಳ್ಳಾರಿಗೋ ರಾಯಚೂರಿಗೋ ಒಮ್ಮೆ ಹೋಗಿ ಬನ್ನಿ, ಇಬ್ಬರೂ ಹೋಗಿ, ಕೆಲಸದ ದಿನ ಹೋಗಿ ಎನ್ನುತ್ತೇವೆ. ಎಲ್ಲರೂ ಹೋಗುವುದಿಲ್ಲ, ಕೆಲವರು ಹೋಗುತ್ತಾರೆ. ಈ ಮನೆಯವರು ಆ ಸಭೆಗೂ ಕಾಯುತ್ತಿಲ್ಲ. ಈ ಸಲದ ಕೃಷಿ ಮೇಳ ಮುಗಿದು ಮಾಮೂಲಿ ತರಗತಿ ಶುರುವಾದ ವಾರ ಮಗನನ್ನು ರಾಯಚೂರಿಗೆ ಕರೆದೊಯ್ಯುವುದು ಎಂದು ಅವ್ವ ಆಗಲೇ ಹೇಳಿಟ್ಟಿದ್ದಾರೆ.